ಬ್ಯಾಗಿನ ಮೇಲಿನ ಚುಕ್ಕಿ

ನಮ್ಮ ಭಾವ ದುಬೈನಿಂದ ಬಂದಾಗ ಕೈಯಲ್ಲೊಂದು ಹೊಸ ವಾಚ್ ಇತ್ತು, ಬೆಲ್ಟು ಒರಿಜಿನಲ್ ಮೊಸಳೆ ಚರ್ಮ ಅಂತ ಮನೇಲಿದ್ದ ಎಲ್ಲರ ಕೈಲೂ ಒಂದೊಂದು ಸಲ ಮುಟ್ಟಿಸಿದ್ರು. ನಾನು ಮುಟ್ಟಿ ಸುಮ್ನಿರದೆ ಮೊಬೈಲ್ ಕ್ಯಾಮೆರಾ ಝೂಮ್ ಮಾಡ್ಕೊಂಡು ಒಂದೊಂದು ಚೌಕದ ಅಂಚನ್ನೂ ನೋಡ್ತಾ ಕೂತೆ. "ಏನೋ ಹುಡುಕ್ತಿದೀಯಾ ಅಲ್ಲಿ?" ಅಂದ್ರು. ಚುಕ್ಕಿ ಭಾವ, ಚುಕ್ಕಿ ಕಾಣ್ತಿಲ್ಲ ಅಂದೆ. ಹಂಗಂದ್ರೆ ಇದು ಒಂದೋ ಮೊಸಳೆಯ ನೆಂಟ ಅಲಿಗೇಟರ್‌ದು, ಇಲ್ಲಾ ದನದ ಚರ್ಮಕ್ಕೆ ಅಚ್ಚು ಹೊಡೆದಿರೋದು. ಊಟಕ್ಕೆ ಕೂರೋವಾಗ ವಾಚ್ ಬಿಚ್ಚಿಟ್ಟು ಬಂದ್ರು, ಪಾಪ.

ಚರ್ಮದ ವ್ಯಾಪಾರ ಗೊತ್ತಿರೋರು ಮೊಸಳೆ ಚರ್ಮ ಗುರುತಿಸೋದು ಹೀಗೇನೆ. ಬೆನ್ನಿನ ಹುರುಪೆ ಒಳಗೆ ಮೂಳೆ ಇರುತ್ತೆ, ಗಟ್ಟಿ, ಅದಕ್ಕೆ ದುಬಾರಿ ಬ್ಯಾಗಿಗೆ ಹೋಗೋದು ಹೆಚ್ಚಾಗಿ ಹೊಟ್ಟೆ ಕಡೆಯ ಚರ್ಮ. ಆ ಹೊಟ್ಟೆ ಚರ್ಮದ ಒಂದೊಂದು ಹುರುಪೆಯ ಅಂಚಿನ ಹತ್ರ ಸೂಜಿಮೊನೆಯಲ್ಲಿ ಚುಚ್ಚಿದಂಗೆ ಒಂದು ಸಣ್ಣ ಚುಕ್ಕಿ ಇರುತ್ತೆ, ಅಸಲಿ ಮೊಸಳೆ ಅನ್ನೋಕೆ ಅದೇ ಸಾಕ್ಷಿ. ಅಲಿಗೇಟರ್‌ಗೆ ಹೊಟ್ಟೆ ಮೇಲೆ ಚುಕ್ಕಿ ಇಲ್ಲ, ಆದ್ರೆ ಅದರ ಹೊಕ್ಕುಳ ಕಲೆ ಚರ್ಮ ಹದ ಮಾಡಿದ ಮೇಲೂ ಎದ್ದು ಕಾಣುತ್ತೆ, ಕೆಲವರು ಆ ಕಲೆ ಬ್ಯಾಗಿನಲ್ಲಿ ಕಾಣೋ ಹಂಗೇ ಚರ್ಮ ಕತ್ತರಿಸ್ತಾರೆ. ಆಸ್ಟ್ರಿಚ್ ಚರ್ಮದ ಮೇಲಿನ ಗುಳ್ಳೆಗಳು ಗರಿ ಕಿತ್ತ ಜಾಗ. ಲಕ್ಷುರಿ ಅನ್ನೋದರ ಗುರುತೆಲ್ಲಾ ಹಿಂಗೇ, ಮೈ ಮೇಲಿನ ಗುರುತುಗಳು.

ಈ ಚುಕ್ಕಿ ಏನು ಅಂತ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಡಾಫ್ನೆ ಸೋರೆಸ್ ಅನ್ನೋ ವಿಜ್ಞಾನಿ ಅಲಿಗೇಟರ್ ಮುಖದ ಮೇಲಿರೋ ಇಂಥದೇ ಚುಕ್ಕಿಗಳ ಹಿಂದೆ ಬಿದ್ರು (ಅಲಿಗೇಟರ್‌ಗೆ ಮುಖದಲ್ಲಿ ಮಾತ್ರ ಇದೆ, ಮೊಸಳೆಗೆ ಮೈತುಂಬಾ). ಕತ್ತಲೆ ಕೋಣೆ, ತೊಟ್ಟಿ ನೀರಲ್ಲಿ ಅರ್ಧ ಮುಳುಗಿರೋ ಅಲಿಗೇಟರ್. ಒಂದೇ ಒಂದು ಹನಿ ನೀರು ಬಿದ್ರೆ ಸಾಕು, ಅದು ಅತ್ತ ತಿರುಗುತ್ತೆ. ಕಿವಿ ಮುಚ್ಚಿದ್ರೂ ತಿರುಗ್ತು. ಮುಖದ ಚುಕ್ಕಿಗಳ ಮೇಲೆ ರಬ್ಬರಿನಂಥ ಪದರ ಮೆತ್ತಿದಾಗ ಮಾತ್ರ ಹನಿ ಬಿದ್ದಿದ್ದೇ ಗೊತ್ತಾಗ್ಲಿಲ್ಲ. ಇದು ಪ್ರಕಟ ಆಗಿದ್ದು 2002ರಲ್ಲಿ. ಹತ್ತು ವರ್ಷ ಬಿಟ್ಟು 2012ರಲ್ಲಿ ಡಂಕನ್ ಲೀಚ್, ಕೆನೆತ್ ಕಟಾನಿಯಾ ಅನ್ನೋ ಇಬ್ರು ನೈಲ್ ಮೊಸಳೆಯನ್ನೂ ಸೇರಿಸ್ಕೊಂಡು ಅಳೆದು ನೋಡಿದ್ರು, ನಮ್ಮ ಬೆರಳ ತುದಿಗಿಂತ ಈ ಚುಕ್ಕಿಗಳು ಸೂಕ್ಷ್ಮ ಅಂತ ಗೊತ್ತಾಯ್ತು. ಎಮ್ಮೆಯನ್ನ ಕೆಡವೋ ದವಡೆಯಲ್ಲೇ ತಾಯಿಮೊಸಳೆ ಮರಿಗಳನ್ನ ಎತ್ಕೊಂಡು ನೀರಿಗೆ ಬಿಡುತ್ತಲ್ಲ, ಒಂದು ಮರಿಗೂ ಹಲ್ಲು ತಾಗಲ್ಲ, ಅದು ಹೆಂಗೆ ಸಾಧ್ಯ ಅಂತ ಈಗ ಸ್ವಲ್ಪ ಅರ್ಥ ಆಗುತ್ತೆ.

ಆದ್ರೂ ಮೊಸಳೆ, ಹಾವು ಅಂದ್ರೆ ನಮಗೆ ಕರುಳು ಚುರುಕ್ ಅನ್ನಲ್ಲ. ನಾಯಿ ಆದ್ರೆ ಕುಂಯ್ ಅನ್ನುತ್ತೆ, ಕರು ಆದ್ರೆ ಕಣ್ಣಲ್ಲೇ ಏನೋ ಹೇಳುತ್ತೆ, ಹಾವಿಗೆ ಮುಖಭಾವ ಅನ್ನೋದೇ ಇಲ್ಲ, ಬುಸ್ ಅನ್ನೋದು ಬಿಟ್ರೆ ಅದಕ್ಕೆ ಬೇರೆ ಕೂಗೂ ಇಲ್ಲ. ಮೊಸಳೆ ವಿಷಯದಲ್ಲಂತೂ ನಾವು ಕಣ್ಣೀರನ್ನೇ ಬೈಗುಳ ಮಾಡ್ಕೊಂಡಿದೀವಿ. ಇನ್ನೊಂದು ಸಮಸ್ಯೆ ಇರೋದು ಅವುಗಳ ದೇಹದಲ್ಲೇ. ಇವು ನಮ್ಮಂಗೆ ಬಿಸಿ ಮೈಯವಲ್ಲ, ಆಮ್ಲಜನಕ ಖರ್ಚಾಗೋದು ಬಹಳ ನಿಧಾನ, ಅದಕ್ಕೆ ತಲೆ ಕಡಿದ್ರೆ ಮೈ ಅಲ್ಲಾಡೋದು ನಿಲ್ಲಬಹುದು, ತಲೆಯೊಳಗಿನ ಮೆದುಳಿಗೆ ಮಾತ್ರ ತುಂಬಾ ಹೊತ್ತು ಅರಿವು ಇರಬಹುದು. ಕೋಳಿ ಕುರಿ ಲೆಕ್ಕ ಇಲ್ಲಿ ನಡಿಯಲ್ಲ. ಹೆಬ್ಬಾವಿನ ಚರ್ಮ ಸಡಿಲ ಆಗ್ಲಿ ಅಂತ ಬಾಯಿಗೆ ಪೈಪ್ ಹಾಕಿ ನೀರೋ ಗಾಳಿಯೋ ತುಂಬಿಸೋ ಪದ್ಧತಿ ಆಗ್ನೇಯ ಏಷ್ಯಾದಲ್ಲಿದೆ, ಅದನ್ನ ತುಂಬಿಸೋವಾಗ ಹಾವು ಸತ್ತಿರುತ್ತಾ ಅನ್ನೋದೇ ಪ್ರಶ್ನೆ. 2013ರಲ್ಲಿ ಸ್ವಿಟ್ಜರ್ಲೆಂಡ್ ಸರ್ಕಾರ ಕೂರಿಸಿದ್ದ ತಜ್ಞರು ಇದನ್ನೆಲ್ಲಾ ನೋಡಿ, ಮೆದುಳನ್ನ ತಕ್ಷಣ ಪೂರ್ತಿ ನಾಶ ಮಾಡಬೇಕು, ಅಷ್ಟು ಮಾಡದೆ ಬರೀ ತಲೆ ಕಡಿಯೋದು ಒಪ್ಪೋ ಮಾತಲ್ಲ ಅಂದ್ರು. ವಾಚ್ ಬೆಲ್ಟಿಗೆ ಅಷ್ಟೊಂದು ಚರ್ಮ ತರಿಸೋ ದೇಶ ಅದು, ಅದಕ್ಕೆ ಈ ಮಾತಿಗೆ ತೂಕ ಇದೆ.

ಇನ್ನು ಫಾರಂ ಮೊಸಳೆ. ಚರ್ಮದ ಮೇಲೆ ಒಂದು ಗೀರು ಇದ್ರೂ ರೇಟು ಬಿತ್ತು ಅಂತಲೇ, ಮತ್ತೆ ಮೊಸಳೆಗಳು ಒಂದಕ್ಕೊಂದು ಕಚ್ಚಾಡದೆ ಇರಲ್ಲ, ಹಾಗಾಗಿ ಕೊಲ್ಲೋ ಮುಂಚಿನ ತಿಂಗಳುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಸಣ್ಣ ಗೂಡಲ್ಲಿ ಇಡೋದು ಹಲವು ಕಡೆ ಇದೆ. ನೀರಿನ ಒಂದು ಹನಿಗೂ ತಿರುಗೋ ಪ್ರಾಣಿಗೆ ಸುತ್ತ ನಾಕು ನುಣ್ಣನೆ ಗೋಡೆ. ಗೋಡೆ ನುಣುಪಾಗಿರೋದೂ ಚರ್ಮ ಚೆನ್ನಾಗಿರಲಿ ಅಂತ. 2015ರಲ್ಲಿ ಇಂಥ ಫಾರಂಗಳ ವಿಡಿಯೋ ಹೊರಗೆ ಬಂದಾಗ ಜೇನ್ ಬರ್ಕಿನ್, ಎರ್ಮೆಸ್ ಕಂಪನಿಯ ಪ್ರಸಿದ್ಧ ಬ್ಯಾಗಿಗೆ ಯಾರ ಹೆಸರಿದೆಯೋ ಅದೇ ಹಾಡುಗಾರ್ತಿ, ಮೊಸಳೆ ಚರ್ಮದ ಬ್ಯಾಗಿನಿಂದ ನನ್ನ ಹೆಸರು ತೆಗೀರಿ ಅಂದ್ರು. ಕಂಪನಿ ಕ್ರಮ ತಗೊಂಡಿದೀವಿ ಅಂತ ಹೇಳಿದ ಮೇಲೆ ಸಮಾಧಾನ ಆದ್ರು, ಹೆಸರು ಉಳೀತು. ಎರಡು ವರ್ಷಕ್ಕೆ ಹಾಂಗ್‌ಕಾಂಗ್ ಹರಾಜಿನಲ್ಲಿ ನೈಲ್ ಮೊಸಳೆ ಚರ್ಮದ, ವಜ್ರ ಕೂರಿಸಿದ ಒಂದು ಬರ್ಕಿನ್ ಬ್ಯಾಗು ಸುಮಾರು 3 ಲಕ್ಷ 80 ಸಾವಿರ ಡಾಲರ್‌ಗೆ ಹೋಯ್ತು.

ಹಾಗಾದ್ರೆ ಬ್ಯಾನ್ ಮಾಡಿದ್ರೆ ಮುಗೀತಲ್ಲ ಅಂತ ನಾನೂ ಅಂದ್ಕೊಂಡಿದ್ದೆ, ಆಸ್ಟ್ರೇಲಿಯಾದ ಕಥೆ ಓದೋವರೆಗೆ. ಅಲ್ಲಿನ ನಾರ್ದರ್ನ್ ಟೆರಿಟರಿಯಲ್ಲಿ ಚರ್ಮಕ್ಕೋಸ್ಕರ ಹೊಡೆದೂ ಹೊಡೆದೂ ಉಪ್ಪುನೀರಿನ ಮೊಸಳೆ ಮೂರು ಸಾವಿರದ ಆಸುಪಾಸಿಗೆ ಇಳಿದಿತ್ತು, 1971ರಲ್ಲಿ ಬೇಟೆ ನಿಲ್ಲಿಸಿದ್ರು, ಸಂಖ್ಯೆ ಏರ್ತು, ಜನರನ್ನ ಎಳ್ಕೊಂಡು ಹೋಗೋಕೂ ಶುರುವಾಯ್ತು, ಆಮೇಲೆ ಊರವರು ಮೊಸಳೆ ಉಳಿಸಿ ಅಂದ್ರೆ ಕೇಳ್ತಾರಾ? ಆಗ ಬಂದಿದ್ದು ಕಾಡಿನ ಗೂಡಿನಿಂದ ಮೊಟ್ಟೆ ತೆಗೆದು ಫಾರಂಗೆ ಮಾರೋ ವ್ಯವಸ್ಥೆ. ಹೆಂಗೂ ಪ್ರವಾಹಕ್ಕೆ ಕೊಚ್ಚಿ ಹೋಗೋ ಮೊಟ್ಟೆಗಳೇ ಬೇಕಾದಷ್ಟು, ಅದರಲ್ಲಿ ಕೆಲವಕ್ಕೆ ದುಡ್ಡು ಬಂದ್ರೆ ಜೌಗು ಜಾಗದ ಮಾಲೀಕರಾದ ಮೂಲನಿವಾಸಿಗಳು ಮೊಸಳೆಯನ್ನೂ ಜಾಗವನ್ನೂ ಕಾಪಾಡ್ತಾರೆ. ಈಗ ಅಲ್ಲಿ ಸುಮಾರು ಒಂದು ಲಕ್ಷ ಮೊಸಳೆ ಇವೆ. 2018ರಲ್ಲಿ ಫ್ಯಾಷನ್ ಕಂಪನಿ ಶನೆಲ್ ಮೊಸಳೆ, ಹಾವಿನ ಚರ್ಮ ಬಳಸೋದನ್ನ ಬಿಟ್ಟಾಗ ತಪ್ಪು ಮಾಡಿದ್ರಿ ಅಂತ ಬರೆದವರಲ್ಲಿ ಸರೀಸೃಪ ಸಂರಕ್ಷಣೆ ಮಾಡೋ ವಿಜ್ಞಾನಿಗಳೂ ಇದ್ರು. ಅವರ ಮಾತು ತಳ್ಳಿ ಹಾಕೋ ಹಂಗಿಲ್ಲ. ಆದ್ರೆ ಒಂದು ಲಕ್ಷ ಅನ್ನೋದು ನದಿಯ ಲೆಕ್ಕ. ಫಾರಂ ಗೂಡಲ್ಲಿರೋ ಒಂಟಿ ಮೊಸಳೆಗೆ ಆ ಲೆಕ್ಕದಿಂದ ಏನೂ ಸಿಗಲ್ಲ, ಇವೆರಡು ಬೇರೆ ಬೇರೆ ಪ್ರಶ್ನೆ, ಎರಡೂ ಕಡೆಯವರು ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದಕ್ಕೂ ಕೊಟ್ಟಂಗೆ ಮಾತಾಡ್ತಾರೆ ಅನ್ನೋದೇ ನನ್ನ ತಕರಾರು.

ನಮ್ಮಲ್ಲೂ ಈ ವ್ಯಾಪಾರ ಇತ್ತು. ಖಂಜಿರಕ್ಕೆ ಉಡದ ಚರ್ಮ ಕಟ್ತಿದ್ದಿದ್ದು ಸಂಗೀತದ ಮನೆಯವರಿಗೆ ಗೊತ್ತು, ಈಗ ಉಡ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಇನ್ನು ಹಾವಿನ ಚರ್ಮ ಅಂದ್ರೆ ಮದ್ರಾಸ್ ಸುತ್ತಮುತ್ತಲ ಇರುಳರು ಅನ್ನೋ ಬುಡಕಟ್ಟಿನವರು. ಹಾವು ಹಿಡಿಯೋದರಲ್ಲಿ ಅವರನ್ನ ಮೀರಿಸೋರಿಲ್ಲ, ಹಿಡಿದಿದ್ದೆಲ್ಲಾ ಚರ್ಮದ ಮಂಡಿಗೆ ಹೋಗ್ತಿತ್ತು. 1972ರ ಕಾಯ್ದೆ, ಅದರ ಹಿಂದೆಯೇ ಚರ್ಮ ರಫ್ತಿನ ನಿಷೇಧ ಬಂದು ಹೊಟ್ಟೆಪಾಡು ನಿಂತೋಯ್ತು. ಮುಂದೆ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ರೊಮುಲಸ್ ವಿಟೇಕರ್ ಅವರ ಜೊತೆ ಸೇರಿ 1978ರಲ್ಲಿ ಇರುಳರದ್ದೇ ಒಂದು ಸಹಕಾರ ಸಂಘ ಶುರುವಾಯ್ತು, ಹಾವು ಅದೇ, ಹಿಡಿಯೋ ಕೈ ಅದೇ, ಈಗ ತೆಗೆಯೋದು ವಿಷ. ನಮ್ಮ ಕಡೆ ಗದ್ದೆಯಲ್ಲಿ ಹಾವು ಕಚ್ಚಿಸ್ಕೊಂಡು ಆಸ್ಪತ್ರೆಗೆ ಬಂದವರಿಗೆ ಕೊಡೋ ಇಂಜೆಕ್ಷನ್ನಿಗೂ ಅಲ್ಲಿನ ವಿಷ ಹೋಗುತ್ತೆ. ಹಾವನ್ನ ಮಣ್ಣಿನ ಮಡಕೆಯಲ್ಲಿ ಮೂರು ನಾಕು ವಾರ ಇಟ್ಕೊಂಡು, ವಾರಕ್ಕೊಮ್ಮೆ ವಿಷ ತೆಗೆದು, ಮತ್ತೆ ಕಾಡಿಗೆ ಬಿಡ್ತಾರೆ. ಬಿಡೋ ಮುಂಚೆ ಹೊಟ್ಟೆ ಕಡೆಯ ಹುರುಪೆಗೆ ಒಂದು ಸಣ್ಣ ಗುರುತು ಹಾಕ್ತಾರೆ, ಮತ್ತೆ ಯಾರ ಕೈಗಾದ್ರೂ ಅದೇ ಹಾವು ಸಿಕ್ರೆ, ಹೊಟ್ಟೆ ತಿರುಗಿಸಿ ಗುರುತು ನೋಡಿ, ಅಲ್ಲೇ ಬಿಟ್ಟು ಬರಲಿ ಅಂತ.