ಐಷಾರಾಮಿ ಪಿಕಪ್‌ನಲ್ಲಿ ಎಷ್ಟು ಭಾರ ಹೇರಬಹುದು?

2002ರಲ್ಲಿ ಫೋರ್ಡ್‌ನ ಲಿಂಕನ್ ವಿಭಾಗ ಬ್ಲ್ಯಾಕ್‌ವುಡ್ ಅನ್ನುವ ಪಿಕಪ್ ಟ್ರಕ್ ಬಿಟ್ಟಿತು. ಬಣ್ಣ ಕಪ್ಪು ಮಾತ್ರ. ಫೋರ್‌ವೀಲ್ ಡ್ರೈವ್ ಬೇಕೆಂದರೂ ಇಲ್ಲ. ಸರಕು ಹಾಕುವ ಹಿಂಭಾಗಕ್ಕೆ ಕಾರ್ಪೆಟ್ ಹಾಸಿ, ಸ್ಟೇನ್‌ಲೆಸ್ ಸ್ಟೀಲ್ ಹೊದಿಸಿ, ಮೇಲೆ ಮೋಟರ್‌ನಿಂದ ತೆರೆಯುವ ಮುಚ್ಚಳ ಕೂರಿಸಿದ್ದರು. ಅದರೊಳಗೆ ಜಲ್ಲಿ, ಗೊಬ್ಬರ ಸುರಿಯೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ! 3,356 ಗಾಡಿ ಮಾರಾಟವಾದವು, ಅಷ್ಟೇ. ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಅದರ ಕತೆ ಮುಗಿಯಿತು.

ಆದರೆ ಐಷಾರಾಮಿ ಪಿಕಪ್‌ನ ಆಸೆ ಸಾಯಲಿಲ್ಲ. ಫೋರ್ಡ್ ಎಫ್-150 ಪ್ಲಾಟಿನಂ ಮತ್ತು ಕಿಂಗ್ ರಾಂಚ್, ಜಿಎಂಸಿ ಸಿಯೆರಾ ಡೆನಾಲಿ, ರ‍್ಯಾಮ್ 1500ರ ಟಂಗ್‌ಸ್ಟನ್, ಟೊಯೊಟಾ ಟಂಡ್ರಾದ ಕ್ಯಾಪ್‌ಸ್ಟೋನ್. ಇವತ್ತು ಈ ಸಾಲಿನ ಟ್ರಕ್‌ಗಳ ಬೆಲೆ 70,000 ಡಾಲರ್ ದಾಟುವುದು ಮಾಮೂಲು. ಒಳಗೆ ಮಸಾಜ್ ಮಾಡುವ ಸೀಟು, ಮೇಲೆ ಗಾಜಿನ ಛಾವಣಿ, ಬಾಗಿಲು ತೆಗೆದರೆ ತಾನಾಗಿ ಹೊರಗೆ ಬರುವ ಮೆಟ್ಟಿಲು. ಗಾತ್ರವೂ ಕಡಿಮೆಯಲ್ಲ. ನಾಲ್ಕು ಬಾಗಿಲಿನ ಎಫ್-150 ಸುಮಾರು 5.9 ಮೀಟರ್ ಉದ್ದ, ಕನ್ನಡಿ ಬಿಟ್ಟು 2 ಮೀಟರ್‌ಗಿಂತ ತುಸು ಜಾಸ್ತಿ ಅಗಲ. ನಮ್ಮ ರಸ್ತೆಯಲ್ಲಿ ದೊಡ್ಡದಾಗಿ ಕಾಣುವ ಟೊಯೊಟಾ ಹೈಲಕ್ಸ್ 5.3 ಮೀಟರ್. ಅಮೆರಿಕದಲ್ಲಿ ಅದನ್ನು ಫುಲ್-ಸೈಜ್ ಪಿಕಪ್ ಅಂತ ಯಾರೂ ಕರೆಯುವುದಿಲ್ಲ.

ಇವುಗಳನ್ನು ಹೋಲಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಹಾರ್ಸ್‌ಪವರ್ ಕಡೆ, ಆಮೇಲೆ ಎಷ್ಟು ತೂಕದ ಟ್ರೇಲರ್ ಎಳೆಯುತ್ತದೆ ಅನ್ನುವುದರ ಕಡೆ. ಜಾಹೀರಾತಿನಲ್ಲೂ ಈ ಎರಡನ್ನೇ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಚಾಲಕನ ಬಾಗಿಲು ತೆಗೆದಾಗ ಅಂಚಿನಲ್ಲಿ ಕಾಣುವ ಟೈರಿನ ಸ್ಟಿಕ್ಕರ್. ಗಾಡಿಯಲ್ಲಿ ಕೂರುವ ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಕೆಜಿ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಒಂದೇ ಮಾದರಿಯ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದರೂ ಈ ಅಂಕಿ ಬೇರೆ ಬೇರೆ ಇರಬಹುದು, ಯಾಕೆಂದರೆ ಒಂದಕ್ಕೆ ಗಾಜಿನ ಛಾವಣಿ ಹಾಕಿರುತ್ತಾರೆ, ಇನ್ನೊಂದಕ್ಕೆ ಇಲ್ಲ.

ಗಾಡಿ, ಜನ, ಸಾಮಾನು ಎಲ್ಲ ಸೇರಿ ಇಷ್ಟೇ ತೂಕ ಇರಬೇಕು ಅಂತ ತಯಾರಕರು ಒಂದು ಮಿತಿ ಹಾಕುತ್ತಾರೆ. ಈ ವರ್ಗದ ಟ್ರಕ್‌ಗಳಲ್ಲಿ ಅದು ಸುಮಾರು 3,200 ಕೆಜಿ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಪೇಲೋಡ್. ಸಂಬಳದಲ್ಲಿ ಮನೆ ಬಾಡಿಗೆ ಜಾಸ್ತಿ ಕೊಟ್ಟರೆ ದಿನಸಿಗೆ ಕಡಿಮೆ ಆಗುತ್ತದಲ್ಲ, ಹಾಗೆ. ಸೀಟಿನ ಮೋಟರ್, ಛಾವಣಿಯ ಗಾಜು, 22 ಇಂಚಿನ ಚಕ್ರ, ಮಡಚುವ ಮೆಟ್ಟಿಲು, ಇವೆಲ್ಲ ಬಾಡಿಗೆಯ ಲೆಕ್ಕಕ್ಕೆ ಹೋಗುತ್ತವೆ. 2015ರ ಎಫ್-150ಗೆ ಫೋರ್ಡ್ ಉಕ್ಕಿನ ಬದಲು ಅಲ್ಯುಮಿನಿಯಂ ಮೈ ಕೊಟ್ಟಾಗ ಕೆಲವು ಮಾದರಿಗಳಲ್ಲಿ 300 ಕೆಜಿಗೂ ಹೆಚ್ಚು ಉಳಿತಾಯವಾಯಿತು. ಅದರಲ್ಲಿ ಎಷ್ಟೋ ಪಾಲನ್ನು ದುಬಾರಿ ಮಾದರಿಗಳ ಸೌಕರ್ಯ ಮತ್ತೆ ತಿಂದು ಹಾಕುತ್ತದೆ.

ಒಂದು ಲೆಕ್ಕ ಹಾಕೋಣ. ಸ್ಟಿಕ್ಕರ್‌ನಲ್ಲಿ 635 ಕೆಜಿ ಅಂತ ಇದೆ ಅಂದುಕೊಳ್ಳಿ. ದುಬಾರಿ ಮಾದರಿಗಳಲ್ಲಿ ಇದು ವಿಶೇಷವೇನಲ್ಲ. 4,080 ಕೆಜಿಯ ಟ್ರೇಲರ್ ಕಟ್ಟಬೇಕು. ಜಾಹೀರಾತಿನಲ್ಲಿ ಎಫ್-150 6,100 ಕೆಜಿ ತನಕ ಎಳೆಯುತ್ತದೆ ಅಂತ ಇರುವಾಗ ಇದೇನು ಮಹಾ? ಆದರೆ ಟ್ರೇಲರ್ ಓಲಾಡದೆ ನೆಟ್ಟಗೆ ಬರಬೇಕಾದರೆ ಅದರ ತೂಕದ ಶೇ 10ರಿಂದ 15ರಷ್ಟು ಮುಂದಕ್ಕೆ, ಅಂದರೆ ಟ್ರಕ್‌ನ ಕೊಕ್ಕೆಯ ಮೇಲೆ ಕೂರಬೇಕು. ಶೇ 12 ಅಂತ ಹಿಡಿದರೆ 490 ಕೆಜಿ. ಈ ಭಾರ ಪೇಲೋಡ್‌ನ ಲೆಕ್ಕಕ್ಕೇ ಬರುತ್ತದೆ. ಉಳಿದದ್ದು 145. ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುವ ದೊಡ್ಡ ಹಿಚ್, ಅಂದರೆ ಟ್ರೇಲರ್ ಜೋಡಿಸುವ ಸಾಧನ ಹಾಕಿದರೆ ಅದರ ತೂಕವೇ 45 ಕೆಜಿ. ಇನ್ನು 100 ಕೆಜಿ ಉಳಿಯಿತು. 80 ಕೆಜಿಯ ಚಾಲಕ ಕೂತು ಪಕ್ಕದಲ್ಲಿ ಒಂದು ಬ್ಯಾಗ್ ಇಟ್ಟರೆ ಮುಗಿಯಿತು. ಹೆಂಡತಿ ಮಕ್ಕಳು ಬೇರೆ ಕಾರಿನಲ್ಲಿ ಬರಬೇಕು! ಐದು ಜನ ಕಾಲು ಚಾಚಿ ಕೂರುವ ಗಾಡಿ ಇದು.

ಹಾಗಾದರೆ 6,100 ಸುಳ್ಳಾ? ಸುಳ್ಳಲ್ಲ. ಅದು ಎಂಜಿನ್, ಆಕ್ಸಲ್ (ಚಕ್ರಗಳನ್ನು ತಿರುಗಿಸುವ ಅಚ್ಚು), ಕ್ಯಾಬಿನ್ ಎಲ್ಲವನ್ನೂ ಎಳೆಯುವುದಕ್ಕೆಂದೇ ಆರಿಸಿಕೊಂಡ ಗಾಡಿಯ ಅಂಕಿ. ಪರೀಕ್ಷೆಯೂ ಸುಲಭದ್ದಲ್ಲ. ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇಯ ಜೆ2807 ಅನ್ನುವ ನಿಯಮದ ಪ್ರಕಾರ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿ.ಮೀ. ಏರನ್ನು ಟ್ರೇಲರ್ ಸಮೇತ ಹತ್ತಬೇಕು. ಹೊರಗೆ ಕನಿಷ್ಠ 38 ಡಿಗ್ರಿ ಸೆಕೆ, ಒಳಗೆ ಎಸಿ ಪೂರ್ತಿ ಓಡುತ್ತಿರಬೇಕು, ವೇಗ ಗಂಟೆಗೆ 64 ಕಿ.ಮೀ.ಗಿಂತ ಕೆಳಗೆ ಇಳಿಯಬಾರದು. ಆದರೆ ಗಾಡಿಯಲ್ಲಿ ತಲಾ 68 ಕೆಜಿಯ ಇಬ್ಬರೇ ಇದ್ದಾರೆ ಅಂತ ಲೆಕ್ಕ. ಟೆಕ್ಸಾಸ್‌ನಲ್ಲಿ ಸರಾಸರಿ 68 ಕೆಜಿಯ ಟ್ರಕ್ ಮಾಲೀಕರನ್ನು ಹುಡುಕೋಕೆ ಸ್ವಲ್ಪ ಓಡಾಡಬೇಕಾಗುತ್ತದೆ.

ಸ್ಪ್ರಿಂಗ್ ವಿಷಯಕ್ಕೆ ಬರೋಣ. ನಮ್ಮ ಲಾರಿಗಳ ಕೆಳಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ನೋಡಿರುತ್ತೀರಿ. ಭಾರಕ್ಕೆ ಗಟ್ಟಿ, ಬೆಲೆಗೆ ಅಗ್ಗ. ಆದರೆ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಚಿಕ್ಕ ಉಬ್ಬು ತಗ್ಗಿಗೆ ಬೇಗ ಬಾಗುವುದಿಲ್ಲ, ಆ ಕುಲುಕು ನೇರ ಸೀಟಿಗೆ ಬರುತ್ತದೆ. ರ‍್ಯಾಮ್ 2009ರಲ್ಲೇ ಹಿಂದಿನ ಚಕ್ರಗಳಿಗೆ ಸುರುಳಿಯಂಥ ಕಾಯಿಲ್ ಸ್ಪ್ರಿಂಗ್ ಹಾಕಿತು, 2013ರಲ್ಲಿ ಗಾಳಿ ತುಂಬಿದ ಸಸ್ಪೆನ್ಷನ್ ಕೊಟ್ಟಿತು. ಟಂಡ್ರಾ 2022ರಲ್ಲಿ ಅದೇ ದಾರಿ ಹಿಡಿಯಿತು. ಸಿಯೆರಾ, ಎಫ್-150ಯ ಹೆಚ್ಚಿನ ಮಾದರಿಗಳು ಲೀಫ್ ಸ್ಪ್ರಿಂಗ್ ಬಿಟ್ಟಿಲ್ಲ. ಖಾಲಿ ಗಾಡಿಯಲ್ಲಿ ಆಫೀಸಿಗೆ ಹೋಗಿ ಬರುವವರಿಗೆ ರ‍್ಯಾಮ್ ಸುಖ, ಅದರಲ್ಲಿ ಎರಡು ಮಾತಿಲ್ಲ.

ಬರೀ ಹಾರ್ಸ್‌ಪವರ್ ನೋಡಿದರೆ ಹೇಗೆ ಮೋಸ ಹೋಗುತ್ತೇವೆ ಅನ್ನುವುದಕ್ಕೆ ರ‍್ಯಾಮ್ ಟಿಆರ್‌ಎಕ್ಸ್ ಒಳ್ಳೆಯ ಉದಾಹರಣೆ. 2021ರಲ್ಲಿ ಬಂದ ಆ ಟ್ರಕ್‌ಗೆ 702 ಹಾರ್ಸ್‌ಪವರ್. ಎಳೆಯುವುದು ಸುಮಾರು 3,675 ಕೆಜಿ, ಹೊರುವುದು 595 ಕೆಜಿ. ಅದೇ ಕಾಲದ, ಅದರ ಅರ್ಧಕ್ಕಿಂತ ತುಸು ಹೆಚ್ಚು ಶಕ್ತಿಯ ಸಾದಾ ರ‍್ಯಾಮ್ 1500 ಸರಿಯಾದ ಆಕ್ಸಲ್ ಇದ್ದರೆ 5,700 ಕೆಜಿ ಎಳೆಯುತ್ತಿತ್ತು. ಮರಳುಗಾಡಿನಲ್ಲಿ ಹಾರಿ ಬೀಳೋಕೆ ಮಾಡಿದ ಮೆತ್ತನೆಯ ಸಸ್ಪೆನ್ಷನ್‌ನಿಂದ ಭಾರದ ಕೆಲಸ ಆಗುವುದಿಲ್ಲ.

ಎತ್ತರದಲ್ಲಿ ಇನ್ನೊಂದು ವ್ಯತ್ಯಾಸ ಹೊರಬೀಳುತ್ತದೆ. ಕೊಲರಾಡೊದಲ್ಲಿ ಐ-70 ಹೆದ್ದಾರಿಯ ಐಸೆನ್‌ಹವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಿಯೆರಾದ 6.2 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್‌ನ 420 ಹಾರ್ಸ್‌ಪವರ್ ಸುರಂಗದ ಹತ್ತಿರ ಬರುವ ಹೊತ್ತಿಗೆ 280ರ ಆಸುಪಾಸಿಗೆ ಇಳಿದಿರುತ್ತದೆ. ಎಫ್-150ಯ 3.5 ಲೀಟರ್ ಟರ್ಬೊ ವಿ6 ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅಷ್ಟು ಸೊರಗುವುದಿಲ್ಲ. ವಿ8ನ ಗುಡುಗು ಕೇಳೋಕೆ ಚೆಂದ, ಒಪ್ಪುತ್ತೇನೆ. ಟ್ರೇಲರ್ ಕಟ್ಟಿ ಬೆಟ್ಟ ಹತ್ತುವುದಾದರೆ ನಾನು ಟರ್ಬೊ ಕಡೆ.

ಎಲೆಕ್ಟ್ರಿಕ್ ಟ್ರಕ್‌ಗೆ ಎಳೆಯುವ ಬಲಕ್ಕೇನೂ ಕೊರತೆಯಿಲ್ಲ. 2022ರಲ್ಲಿ ಬಂದ ಎಫ್-150 ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ 131 ಕಿಲೋವ್ಯಾಟ್-ಅವರ್. ಕೇಳಿದರೆ ಬಹಳ ಅನ್ನಿಸುತ್ತದೆ. ಪೆಟ್ರೋಲ್ ಲೆಕ್ಕದಲ್ಲಿ ಅಷ್ಟು ಶಕ್ತಿ 15 ಲೀಟರ್‌ಗೂ ಕಡಿಮೆ! ಅಷ್ಟರಲ್ಲೇ 515 ಕಿ.ಮೀ. ಓಡುತ್ತದೆ ಅಂದರೆ ಮೋಟರ್ ಎಷ್ಟು ಜಾಣ ನೋಡಿ. ಆದರೆ ಎತ್ತರದ ಟ್ರೇಲರ್ ಕಟ್ಟಿ ಹೆದ್ದಾರಿಗೆ ಇಳಿದರೆ ಗಾಳಿಯ ತಡೆಗೇ ಅಪಾರ ಶಕ್ತಿ ಖರ್ಚಾಗಿ ಓಡುವ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪೆಟ್ರೋಲ್ ಗಾಡಿಗೂ ಇದೇ ಪಾಡು. ಅದರ ಟ್ಯಾಂಕ್ ದೊಡ್ಡದು, ತುಂಬೋಕೆ ಐದು ನಿಮಿಷ ಸಾಕು, ಹಾಗಾಗಿ ನೋವು ಗೊತ್ತಾಗುವುದಿಲ್ಲ ಅಷ್ಟೇ. ಐಷಾರಾಮದ ಖರ್ಚು ಇಲ್ಲೂ ತಪ್ಪಿದ್ದಲ್ಲ. ಅದೇ ದೊಡ್ಡ ಬ್ಯಾಟರಿ ಇದ್ದರೂ ಪ್ಲಾಟಿನಂ ಮಾದರಿಯ ದೂರ ಸುಮಾರು 480 ಕಿ.ಮೀ.ಗೆ ಇಳಿಯುತ್ತದೆ.

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಕೇಳಿದರೆ ನನ್ನ ಸಲಹೆ ಇಷ್ಟು. ವರ್ಷಕ್ಕೊಮ್ಮೆ ಚಿಕ್ಕ ದೋಣಿ ಎಳೆಯೋಕೆ, ಆಗಾಗ ಪ್ಲೈವುಡ್ ತರೋಕೆ ಡೆನಾಲಿ, ಟಂಗ್‌ಸ್ಟನ್ ಯಾವುದಾದರೂ ಸಾಕು. ವಾರ ವಾರ ನಾಲ್ಕು ಟನ್ ಎಳೆಯುವವರಿಗೆ ಇನ್ನೂ ಹೆಚ್ಚು ಭಾರ ಹೊರುವ ಎಫ್-250, ರ‍್ಯಾಮ್ 2500 ವರ್ಗದ ಟ್ರಕ್ಕೇ ಸರಿ, ಖಾಲಿ ಓಡುವಾಗ ಕುಲುಕಾಡಿಸಿದರೂ. ಅದರ ಮೈಲೇಜ್ ಎಷ್ಟು ಅಂತ ಮಾತ್ರ ಶೋರೂಮ್‌ನ ಗಾಜಿನ ಮೇಲಿನ ಚೀಟಿಯಲ್ಲಿ ಹುಡುಕಬೇಡಿ. ಒಟ್ಟು ತೂಕದ ಮಿತಿ 3,855 ಕೆಜಿ ದಾಟಿದ ಪಿಕಪ್‌ಗೆ ಆ ಅಂಕಿ ಹಾಕಲೇಬೇಕು ಅಂತ ಅಮೆರಿಕದ ಕಾನೂನು ಕೇಳುವುದಿಲ್ಲ.