ಜ್ಯಾಕ್ ಬಿಟ್ಟ ಮೇಲೂ ಪೈಲಿನಲ್ಲಿ ಉಳಿಯುವ ಹೊರೆ

ಕಟ್ಟಡದ ಭಾರ ಹೊರಲು ಮಣ್ಣಿಗಿಳಿಸುವ ಕಂಬವೇ ಪೈಲ್. ಭಾರ ಪರೀಕ್ಷೆಗೆ ಮುನ್ನ ಪೈಲಿನ ಸ್ಟ್ರೇನ್ ಗೇಜ್‌ಗಳನ್ನೆಲ್ಲ (ಕುಗ್ಗು-ಹಿಗ್ಗು ಅಳೆಯುವ ಸಾಧನಗಳು) ಸೊನ್ನೆಗೆ ತರುವುದು ಹಳೆಯ ರೂಢಿ. ತಲೆಯ ಮೇಲೆ ಹೊರೆಯಿಲ್ಲ, ಹಾಗಾದರೆ ಒಳಗೂ ಇರಲಾರದು ಎಂಬ ಲೆಕ್ಕ. ಇದನ್ನು ಕೆಡಿಸಿದ್ದು ಎಳೆತದ ಪರೀಕ್ಷೆಗಳು. ಪೈಲನ್ನು ಮೇಲೆಳೆದಾಗ ತುದಿಯ ಗೇಜ್ ಎಳೆತ ತೋರಿಸುತ್ತಿತ್ತು. ಮರಳು ಪೈಲಿನ ತುದಿಯನ್ನು ಹಿಡಿದು ಕೆಳಕ್ಕೆ ಜಗ್ಗುವುದುಂಟೆ? 1969ರಲ್ಲಿ ಹಂಟರ್ ಮತ್ತು ಡೇವಿಸನ್ ಕಾರಣ ಹೇಳಿದರು: ಪೈಲ್ ಇಳಿಸುವಾಗಲೇ ತುದಿಯಲ್ಲಿ ಸಿಕ್ಕಿಬಿದ್ದಿದ್ದ ಒತ್ತಡ ಸಡಿಲಾಗುತ್ತಿತ್ತು, ತಪ್ಪು ಸೊನ್ನೆಯಿಂದ ಅಳೆದ ಗೇಜ್ ಅದನ್ನೇ ಎಳೆತವೆಂದು ತೋರಿಸುತ್ತಿತ್ತು.

500 ಮಿ.ಮೀ. ಹೊರವ್ಯಾಸ, 100 ಮಿ.ಮೀ. ಗೋಡೆ, 30 ಮೀಟರ್ ಉದ್ದದ ಕೊಳವೆ ಪೈಲ್ ತೆಗೆದುಕೊಳ್ಳಿ. ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ 38 ಗಿಗಾಪಾಸ್ಕಲ್ ಎಂದಿಟ್ಟರೆ, ಸರಾಸರಿ 2000 ಕಿಲೋನ್ಯೂಟನ್ ಬಲಕ್ಕೆ ಅದು ಸುಮಾರು 12.5 ಮಿ.ಮೀ. ಕುಗ್ಗುತ್ತದೆ. ಪೈಲನ್ನು ಮಣ್ಣಿಗೆ ಒತ್ತಿ ಇಳಿಸುವ ಜ್ಯಾಕ್ ಬಿಟ್ಟಾಗ ಮತ್ತೆ ಉದ್ದವಾಗಲು ಹವಣಿಸುತ್ತದೆ. ಪೈಲಿನ ಮೈಗೂ ಸುತ್ತಲಿನ ಮಣ್ಣಿಗೂ ನಡುವಿನ ಪಾರ್ಶ್ವ ಘರ್ಷಣೆ ದಿಕ್ಕು ಬದಲಿಸಲು ಕೆಲವೇ ಮಿ.ಮೀ. ಜಾರುವಿಕೆ ಸಾಕು. ಹೀಗೆ ಮೇಲ್ಭಾಗದ ಮಣ್ಣು ಪೈಲನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ, ತುದಿಯ ಮಣ್ಣು ಮೇಲಕ್ಕೆ ತಳ್ಳುತ್ತದೆ. ಘರ್ಷಣೆ ದಿಕ್ಕು ಬದಲಿಸುವ ತಟಸ್ಥ ಮಟ್ಟದಲ್ಲಿ ಹೀಗೆ ಒಳಗೇ ಉಳಿಯುವ ಬಲ, ಅಂದರೆ ಉಳಿಕೆ ಬಲ, ಅತಿ ಹೆಚ್ಚು. ಜ್ಯಾಕ್ ಒಂದೇ ಬೀಸಿಗೆ ಪೈಲನ್ನು ಇಳಿಸುವುದಿಲ್ಲ. ಪ್ರತಿ ಬಾರಿ ಹಿಡಿತ ಬಿಟ್ಟು ಮತ್ತೆ ಹಿಡಿಯುವಾಗಲೂ ಇದೇ ಆಟ.

ಪದರಗಳಿದ್ದರೆ ಚಿತ್ರ ಸಿಕ್ಕಾಗುತ್ತದೆ. ತುದಿ ಗಟ್ಟಿ ಮರಳಲ್ಲಿ ಕೂತಿದ್ದು ಮೇಲೆ ಹಿಡಿತವಿರುವ ಮಣ್ಣಿದ್ದರೆ ಉಳಿಕೆ ಬಲ ದೊಡ್ಡದು. ತುದಿ ಮೆತ್ತನೆಯ ಜೇಡಿಯಲ್ಲಿದ್ದರೆ ತಳ್ಳಲು ಆಸರೆಯಿಲ್ಲ, ಬಲವೂ ಕಡಿಮೆ. ನಡುವಿನ ಮೆತ್ತನೆಯ ಪದರದಲ್ಲಿ ಬಲ ಹೆಚ್ಚು ಬದಲಾಗದೆ ದಾಟಿಹೋಗುತ್ತದೆ. ಜೇಡಿಯಲ್ಲಿ ಇನ್ನೊಂದು ತೊಡಕು: ಪೈಲ್ ಒತ್ತಿದಾಗ ಏರಿದ ರಂಧ್ರಜಲದ (ಮಣ್ಣಿನ ಕಣಗಳ ನಡುವಿನ ನೀರಿನ) ಒತ್ತಡ ಇಳಿಯುತ್ತ ಮಣ್ಣು ಕುಸಿದು ಪೈಲನ್ನು ಜಗ್ಗುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೂ ಉಳಿಕೆ ಬಲ ಬೆಳೆಯುತ್ತದೆ.

1984ರಲ್ಲಿ ಬ್ರಿಯೋ ಮತ್ತು ಟಕರ್ ಮರಳಿನಲ್ಲಿ ಇಳಿಸಿದ ಪೈಲ್‌ಗಳಿಗೆ ಉಳಿಕೆ ಬಲವನ್ನು ಸೇರಿಸಿದ ಲೆಕ್ಕವಿಧಾನ ಕೊಟ್ಟರು, 1987ರಲ್ಲಿ ಪೌಲೋಸ್ ವಿಶ್ಲೇಷಣೆ ಬಂತು. ಒಟ್ಟು ಸಾಮರ್ಥ್ಯ ಬದಲಾಗುವುದಿಲ್ಲ, ತಪ್ಪುವುದು ಹಂಚಿಕೆ. 3000 ಕಿಲೋನ್ಯೂಟನ್‌ನಲ್ಲಿ ತುದಿ ನಿಜಕ್ಕೂ 1200 ಹೊತ್ತಿದ್ದು, ಅದರಲ್ಲಿ 400 ಮೊದಲೇ ಉಳಿದಿದ್ದರೆ, ಸೊನ್ನೆ ಮಾಡಿದ ಗೇಜ್ 800 ಅನ್ನುತ್ತದೆ. ಪಾರ್ಶ್ವಕ್ಕೆ 1800ರ ಬದಲು 2200 ಸೇರುತ್ತದೆ. ಆ ಘರ್ಷಣೆಯನ್ನೇ ನಂಬಿ ಮೇಲೆಳೆತ ತಡೆಯುವ ಪೈಲ್ ವಿನ್ಯಾಸ ಮಾಡಿದರೆ ಅಪಾಯ.

ಸರಿಯಾದ ಸೊನ್ನೆ ಪೈಲ್ ಮಣ್ಣಿಗಿಳಿಯುವ ಮುನ್ನಿನದು. ಅದನ್ನು ಕಾಪಾಡುವುದೇ ಕಷ್ಟ. ಹೆಚ್ಚು ಬಲದ ಕೊಳವೆ ಪೈಲ್‌ಗಳನ್ನು ಸುಮಾರು 180 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಹದಗೊಳಿಸುವಾಗ ಒಳಗಿಟ್ಟ ಸಾಮಾನ್ಯ ಗೇಜ್‌ಗಳು ಸಾಯುತ್ತವೆ. ಆಮೇಲೆ ಮೈಯಲ್ಲಿ ತೋಡು ಕೊರೆದು ಗೇಜ್ ಅಥವಾ ಆಪ್ಟಿಕಲ್ ಫೈಬರ್ ಅಂಟಿಸಿ ಎಪಾಕ್ಸಿ ಮುಚ್ಚಬೇಕು. ಬಾಗುವಿಕೆ ಕಳೆಯಲು ಎದುರುಬದುರು ಜೋಡಿ ಬೇಕು. ಮೇಲೆ ಹೇಳಿದ ಪೈಲಿನಲ್ಲಿ ಒಂದು ಮೈಕ್ರೋಸ್ಟ್ರೇನ್ (ಉದ್ದದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನ ಬದಲಾವಣೆ) ಅಂದರೆ ಸುಮಾರು 4.8 ಕಿಲೋನ್ಯೂಟನ್. ಬಿಸಿಲಲ್ಲಿ ಮಲಗಿದ್ದ ಪೈಲಿನ ಓದು 20 ಮೈಕ್ರೋಸ್ಟ್ರೇನ್ ಸರಿದರೂ ಲೆಕ್ಕಕ್ಕೆ 96 ಕಿಲೋನ್ಯೂಟನ್ ಇಲ್ಲದ ಬಲ ಬಂದು ಕೂರುತ್ತದೆ.