ಹಳೇ ಗಡಿಯಾರಕ್ಕೆ ಬೆಲೆ ಕಟ್ಟಿಸುವ ಮೊದಲು ಪಾಲಿಶ್ ಮಾಡಿಸಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಆಳೆತ್ತರದ ಹಳೇ ಇಂಗ್ಲಿಷ್ ಗಡಿಯಾರ ಇದೆ. ಪಾಲಿಶ್ ಮಾಡಿಸಿ, ಡಯಲ್ ಉಜ್ಜಿಸಿ ಆಮೇಲೆ ತೋರಿಸಿದರೆ ಜಾಸ್ತಿ ಬೆಲೆ ಸಿಗುತ್ತಾ?

ಉತ್ತರ: ಬೇಡ, ದಯವಿಟ್ಟು ಕೈ ಹಾಕಬೇಡಿ. ಹಿತ್ತಾಳೆ ಡಯಲ್‌ನಲ್ಲಿ ಅಂಕಿಗಳಿರುವ ಬಳೆಗೆ ತೆಳುವಾಗಿ ಬೆಳ್ಳಿ ಬಳಿದಿರುತ್ತಾರೆ. ಪಾಲಿಶ್ ಹಾಕಿ ಉಜ್ಜಿದರೆ ಬೆಳ್ಳಿ ಹೋಗಿ ಹಳದಿ ಹಿತ್ತಾಳೆ ಕಾಣುತ್ತದೆ. ಬಿಳಿ ಬಣ್ಣದ ಡಯಲ್ ಆದರೆ ಇನ್ನೂ ನಾಜೂಕು. ಒದ್ದೆ ಬಟ್ಟೆಗೇ ಅಂಕಿ ಅಳಿಸಿ ಹೋಗಬಹುದು. ಮರದ ಹಳೇ ಬಣ್ಣವನ್ನೂ ಕೆರೆಸಬೇಡಿ, ಕೊಳ್ಳುವವರು ನೋಡುವುದೇ ಅದನ್ನು.

ಬೆಲೆ ಕಟ್ಟುವವರು ಮೊದಲು ನೋಡುವುದು ಯಂತ್ರ ಮತ್ತು ಪೆಟ್ಟಿಗೆ ಹುಟ್ಟಿನಿಂದ ಜೋಡಿಯೇ ಅಂತ. ಒಂದರ ಯಂತ್ರ ತೆಗೆದು ಇನ್ನೊಂದರ ಪೆಟ್ಟಿಗೆಗೆ ಕೂರಿಸಿದ ಗಡಿಯಾರಗಳು ಬೇಕಾದಷ್ಟಿವೆ. ನೀವೇ ನೋಡಬಹುದು. ತಲೆಯ ಭಾಗವನ್ನು ಸಾಮಾನ್ಯವಾಗಿ ಮುಂದಕ್ಕೆ ಎಳೆದರೆ ಬರುತ್ತದೆ. ಯಂತ್ರ ಕೂತಿರುವ ಹಲಗೆಯಲ್ಲಿ ಕೆಲಸಕ್ಕಿಲ್ಲದ ತೂತುಗಳಿವೆಯೇ? ಎತ್ತರ ಸರಿಮಾಡಲು ಅಡಿಗೆ ಹೊಸ ಮರದ ಚೂರು ತುರುಕಿದ್ದಾರೆಯೇ? ಹಾಗಿದ್ದರೆ ಬೆಲೆ ಇಳಿಯಿತು ಅಂತಲೇ ಲೆಕ್ಕ.

ಡಯಲ್‌ನಲ್ಲಿ ಕೀ ಕೊಡುವ ಎರಡು ತೂತಿದ್ದರೆ ಸಾಮಾನ್ಯವಾಗಿ 8 ದಿನ ಓಡುವ ಗಡಿಯಾರ. ತೂತಿಲ್ಲದೆ ಸರಪಳಿ ಎಳೆಯುವುದಾದರೆ 30 ಗಂಟೆಯದು, ಅಗ್ಗ. ತಮಾಷೆ ಅಂದರೆ, 8 ದಿನದ್ದು ಅನ್ನಿಸಲಿ ಅಂತ ಆ ಕಾಲದಲ್ಲೇ ಕೆಲವರು 30 ಗಂಟೆಯ ಡಯಲ್‌ಗೆ ಸುಳ್ಳು ತೂತು ಇಟ್ಟಿದ್ದಾರೆ! ಡಯಲ್ ಮೇಲಿನ ಹೆಸರನ್ನೂ ಪೂರ್ತಿ ನಂಬಬೇಡಿ. 19ನೇ ಶತಮಾನದಲ್ಲಿ ಎಷ್ಟೋ ಊರಿನವರು ಬರ್ಮಿಂಗ್‌ಹ್ಯಾಮ್‌ನ ಡಯಲ್ ತರಿಸಿ, ತಮ್ಮ ಹೆಸರು ಬರೆಸಿ ಮಾರುತ್ತಿದ್ದರು. ಲಂಡನ್ನಿನ ಹೆಸರಾಂತ ಹಳೇ ಗಡಿಯಾರ ತಯಾರಕ ಥಾಮಸ್ ಟಾಂಪಿಯನ್‌ನಂಥವರ ಕೆಲಸಕ್ಕೆ ಇಂದಿಗೂ ಭಾರೀ ಬೆಲೆ. ಆದರೆ ಬಣ್ಣದ ಡಯಲ್‌ನ ಸಾಮಾನ್ಯ ಹಳ್ಳಿ ಗಡಿಯಾರ ಇಂಗ್ಲೆಂಡಿನ ಹರಾಜಿನಲ್ಲೇ ಕೆಲವು ನೂರು ಪೌಂಡಿಗೆ ಹೋಗುತ್ತದೆ. ಆಸೆ ಸ್ವಲ್ಪ ಹಿಡಿತದಲ್ಲಿರಲಿ. ಇನ್ಶೂರೆನ್ಸ್‌ಗೆ ಬರೆದುಕೊಡುವ ಬೆಲೆ ಇದಕ್ಕಿಂತ ಜಾಸ್ತಿ ಇರುತ್ತದೆ, ಅದೇ ಮಾರುವ ಬೆಲೆ ಅಂದುಕೊಳ್ಳಬೇಡಿ.

ನೋಡಿಕೊಳ್ಳುವುದು ಕಷ್ಟವೇನಲ್ಲ. ಕಿವಿಗೊಟ್ಟು ಕೇಳಿ: ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಸಮ ಇರಬೇಕು. ಕುಂಟುತ್ತಿದ್ದರೆ ಮೊದಲು ಪೆಟ್ಟಿಗೆ ನೆಟ್ಟಗೆ ನಿಂತಿದೆಯೇ ನೋಡಿ. ಹಿಂಬದಿಯನ್ನು ಗೋಡೆಗೆ ಸ್ಕ್ರೂ ಹಾಕಿ ಭದ್ರ ಮಾಡುವುದು ಒಳ್ಳೆಯದು. ತೆಂಗಿನೆಣ್ಣೆ, ಹೊಲಿಗೆ ಮಷೀನ್ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಕೂತರೆ ಉಜ್ಜುಕಾಗದದ ಕೆಲಸವನ್ನೇ ಮಾಡುತ್ತದೆ. ಕೆಲವು ವರ್ಷಕ್ಕೊಮ್ಮೆ ಗಡಿಯಾರ ಬಲ್ಲವರಿಂದಲೇ ಬಿಚ್ಚಿಸಿ ತೊಳೆಸಿ. ಜಾಗ ಬದಲಿಸುವಾಗ ಪೆಂಡುಲಂ ಮತ್ತು ಭಾರದ ಗುಂಡುಗಳನ್ನು ತೆಗೆಯದೆ ಒಂದಡಿಯೂ ಸರಿಸಬೇಡಿ.

ಹೊತ್ತು ಹಿಂದೆ ಬಿದ್ದರೆ ಪೆಂಡುಲಂ ಕೆಳಗಿನ ನಟ್ ತಿರುಗಿಸಿ ಬಿಲ್ಲೆಯನ್ನು ಮೇಲೇರಿಸಿ, ಮುಂದೆ ಓಡಿದರೆ ಇಳಿಸಿ. ಸುಮಾರು ಒಂದು ಮೀಟರ್ ಉದ್ದದ ಪೆಂಡುಲಂ ಅದು. ಬರೀ 1 ಮಿಲಿಮೀಟರ್ ಬದಲಾದರೆ ದಿನಕ್ಕೆ 43 ಸೆಕೆಂಡಿನಷ್ಟು ವ್ಯತ್ಯಾಸ. ಬೇಸಿಗೆಯಲ್ಲಿ ಅದರ ಕಬ್ಬಿಣದ ಕಡ್ಡಿ ಹಿಗ್ಗಿ ದಿನಕ್ಕೆ ನಾಲ್ಕೈದು ಸೆಕೆಂಡ್ ಹಿಂದೆ ಬಿದ್ದರೆ ರಿಪೇರಿಯವರನ್ನು ಕರೆಯುವ ಅಗತ್ಯವಿಲ್ಲ.